ಕೆಮ್ಮು ಕೇಳಬೇಡಿ, ಗಂಟೆ ಕೇಳಿ: ದಾಲ್ ಮಿಲ್ಲಿನಲ್ಲಿ ಫ್ಲೂ ಗುರುತಿಸಿದ ನನ್ನ ಅನುಭವ

ದಾಲ್ ಮಿಲ್ಲಿನಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳಿ? ತೊಗರಿ ಹೊಟ್ಟಿನ ಧೂಳಿಗೆ ಲೆಕ್ಕ ಬರೆಯುವ ಮುನೀಮರಿಂದ ಚೀಲ ಹೊರುವ ಹಮಾಲರವರೆಗೆ ಎಲ್ಲರೂ ಕೆಮ್ಮುತ್ತಾರೆ. ಅಂಥದ್ದರಲ್ಲಿ ಫ್ಲೂ ಬಂದವರನ್ನು ಮೊದಲ ದಿನವೇ ಗುರುತಿಸಿ, ಪೂರ್ತಿ ಕೂಲಿ ಕೊಟ್ಟು ಮನೆಗೆ ಕಳಿಸುತ್ತೇನೆ ಅಂದಾಗ ಕಲಬುರಗಿಯ ಕಪನೂರಿನ ನಮ್ಮ ಸಾಲಿನ ಮಿಲ್ಲಿನವರು ನಕ್ಕಿದ್ದರು. "ಹಂಗಾದ್ರ ನಾಳಿಂದ ಎಲ್ಲಾರಿಗೂ ಜ್ವರ ಬರ್ತಾವ ನೋಡ್ರಿ" ಅಂದಿದ್ದರು. ಹೋದ ಸೀಸನ್‌ನಲ್ಲಿ ಆಳು ಇಲ್ಲ ಅಂತ ನಮ್ಮ ಮಿಲ್ಲು ಒಂದು ಪಾಳಿಯೂ ನಿಲ್ಲಲಿಲ್ಲ. ಪಕ್ಕದ ಮಿಲ್ಲುಗಳು ನಿಂತವು. ಯಾರವು ಅಂತ ಬರೆಯೋದಿಲ್ಲ, ಅವರೂ ಇದನ್ನು ಓದುತ್ತಾರೆ.

ಹೊಸ ತೊಗರಿ ಗಂಜ್ ಮಾರುಕಟ್ಟೆಗೆ ಬರುವುದೂ ಫ್ಲೂ ಏರುವುದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ, ಜನವರಿಯಿಂದ ಮಾರ್ಚ್. ಮಳೆಗಾಲದಲ್ಲಿ ಇನ್ನೊಮ್ಮೆ ಏರುತ್ತದೆ, ಆದರೆ ಆಗ ನಮಗೆ ಕೆಲಸದ ಒತ್ತಡ ಕಡಿಮೆ. ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ಜಾತ್ರೆ. ಅಷ್ಟು ಜನ ಮೈಗೆ ಮೈ ತಾಗಿಸಿ ನಿಂತು ಬಂದವರು, ಎರಡು ಮೂರು ದಿನ ಬಿಟ್ಟು ಮಿಲ್ಲಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗುತ್ತಾರೆ. ಸೋಂಕು ತಗುಲಿ ಜ್ವರ ಕಾಣಿಸಲು ಒಂದರಿಂದ ನಾಲ್ಕು ದಿನ ಬೇಕು. ಜ್ವರ ಬರುವ ಹಿಂದಿನ ದಿನವೇ ಇನ್ನೊಬ್ಬರಿಗೆ ದಾಟಿಸಲೂ ಬಹುದು. ಹಾಗಾಗಿ ಪೂರ್ತಿ ತಡೆಯುತ್ತೇನೆ ಅನ್ನುವ ಆಸೆ ಬಿಡಿ. ಒಬ್ಬನಿಂದ ಆರು ಜನಕ್ಕೆ ಹೋಗುವುದನ್ನು ಒಬ್ಬಿಬ್ಬರಿಗೆ ಇಳಿಸಿದರೆ ಗೆದ್ದ ಹಾಗೆ.

ಮೊದಲು ಕೈ ಸುಟ್ಟಿದ್ದು ಜ್ವರ ನೋಡುವ ಗನ್ನಿನಲ್ಲಿ. ಕೊರೋನಾ ಹೊತ್ತಿನಲ್ಲಿ ಐದು ಸಾವಿರದ ಆಸುಪಾಸು ಕೊಟ್ಟು ತಂದಿದ್ದೆ. ಜನವರಿಯ ಮುಂಜಾನೆ ಚಳಿಗಾಳಿಯಲ್ಲಿ ಬೈಕಿನಲ್ಲಿ ಬಂದವರ ಹಣೆಗೆ ಹಿಡಿದರೆ 34 ಡಿಗ್ರಿ ಸೆಲ್ಸಿಯಸ್. ಮಧ್ಯಾಹ್ನ ಬಿಸಿಲಿನಲ್ಲಿ ಲೋಡು ಇಳಿಸಿ ಬಂದವರಿಗೆ 38. ನಿಜವಾಗಿ ನೋಡಿದರೆ ಒಬ್ಬರಿಗೂ ಜ್ವರ ಇಲ್ಲ! ಈಗ ಕಂಕುಳಲ್ಲಿ ಇಡುವ ಇನ್ನೂರು ರೂಪಾಯಿಯ ಥರ್ಮಾಮೀಟರ್ ಸಾಕಾಗಿದೆ. ಮಾಸ್ಕ್ ಬಾಕ್ಸ್ ಬಾಕ್ಸ್ ತಂದೆ. ಧೂಳಿನಲ್ಲಿ ಅರ್ಧ ಗಂಟೆಗೆ ಕಪ್ಪಾಗಿ ಗದ್ದಕ್ಕೆ ಇಳಿಯುತ್ತಿತ್ತು. ಬೆರಳಿಗೆ ಹಚ್ಚಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಮಾತ್ರ ಇಟ್ಟುಕೊಂಡಿದ್ದೇನೆ. ಬೇಳೆ ಆರಿಸುವ ಹೆಣ್ಣುಮಕ್ಕಳ ಉಗುರಿಗೆ ಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅದು ಸುಳ್ಳು ಹೇಳುತ್ತದೆ, ಅಷ್ಟು ನೆನಪಿರಲಿ.

ಕೆಲಸಕ್ಕೆ ಬಂದಿದ್ದು ಒಂದು ಪ್ರಶ್ನೆ. "ಯಾವಾಗಿಂದ ಹಿಂಗಾಗ್ಯದ?"

"ಎರಡು ಮೂರು ದಿನದಿಂದ ಮೂಗು ಸುರೀಲಾಕತ್ತದ್ರಿ, ಗಂಟಲ ಕೆರೀತದ" ಅಂದರೆ ಸಾಮಾನ್ಯ ನೆಗಡಿ. "ಭಾಳ ದಿನದಿಂದ ಕೆಮ್ಮು, ಮನಿಗಿ ಹೋದ್ರ ಕಡಿಮಿ ಆಗ್ತದ" ಅಂದರೆ ಧೂಳು. ಫ್ಲೂ ಬಂದವರ ಉತ್ತರವೇ ಬೇರೆ. "ನಿನ್ನಿ ಊಟ ಮಾಡಿ ಎದ್ದೆ ನೋಡ್ರಿ, ಆವಾಗಿಂದ ಮೈಕೈ ಮುರದಂಗ ಆಗ್ಯದ." ಗಂಟೆ ಹೇಳುತ್ತಾರೆ! ಫ್ಲೂ ಬರುವುದು ಹಾಗೆ, ಒಮ್ಮೆಗೇ. ಚಳಿ, ಜ್ವರ, ತಲೆನೋವು, ಸೊಂಟ ಮತ್ತು ತೊಡೆ ನೋವು, ಒಣ ಕೆಮ್ಮು, ಎದ್ದು ನಿಲ್ಲಲಾರದ ಸುಸ್ತು. ಬಹಳ ಸಲ ಥರ್ಮಾಮೀಟರ್ 101 ಫ್ಯಾರನ್‌ಹೀಟ್ ದಾಟಿರುತ್ತದೆ. ಎಲ್ಲರಿಗೂ ಹೀಗೇ ಬರುತ್ತದೆ ಅಂತಲ್ಲ. ವಯಸ್ಸಾದವರಿಗೆ ಕೆಲವು ಸಲ ಜ್ವರವೇ ಇರುವುದಿಲ್ಲ, ಸುಸ್ತು ಮಾತ್ರ. ಆದರೂ ನೂರಕ್ಕೆ ಎಂಬತ್ತು ಸಲ ನನ್ನ ಅಂದಾಜು ಸರಿ ಬಂದಿದೆ ಅನ್ನಿ.

ಇದಾದ ಮೇಲೆ ಎರಡನೇ ಪ್ರಶ್ನೆ ಒಂದಿದೆ. ಸುಳ್ಳು ಜ್ವರ ಹೇಳಿ ಕೂಲಿ ಎತ್ತುವವರನ್ನು ಹಿಡಿಯುವುದು ಅದೇ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ನನ್ನ ಮಿಲ್ಲಿನಲ್ಲೇ ನಡೆಯೋದಿಲ್ಲ. ಬಿಡಿ.

ಜ್ವರ ಶುರುವಾದ ಗಂಟೆಯನ್ನು, ಡಾಕ್ಟರಿಗೆ ತೋರಿಸಲು, ಚೀಟಿಯಲ್ಲಿ ಬರೆದು ಕೊಡುತ್ತೇನೆ: ಹೆಸರು, "ಮಂಗಳವಾರ ಮಧ್ಯಾಹ್ನ 3ಕ್ಕೆ ಶುರು", ಜ್ವರ ಇಷ್ಟು, ಸಕ್ಕರೆ ಕಾಯಿಲೆ ಅಥವಾ ಅಸ್ತಮಾ ಇದೆಯೋ ಇಲ್ಲವೋ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ. ಎಲ್ಲರಿಗೂ ಅದು ಬೇಕಿಲ್ಲ, ಬೇಕಾದವರು ಯಾರು ಅಂತ ಡಾಕ್ಟರು ನೋಡುತ್ತಾರೆ. ಗರ್ಭಿಣಿಯರು, ಸಕ್ಕರೆ ಇದ್ದವರು, 65 ದಾಟಿದವರು ಇದ್ದರೆ ನಾನು ಕಾಯುವುದೇ ಇಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಆಕ್ಸಿಮೀಟರ್ 94ಕ್ಕಿಂತ ಇಳಿದರೆ, ಬಿಟ್ಟ ಜ್ವರ ಮತ್ತೆ ಬಂದು ಕೆಮ್ಮು ಜೋರಾದರೆ ಚೀಟಿ ಗೀಟಿ ಇಲ್ಲ, ಸೀದಾ ಜಿಮ್ಸ್ ಸರಕಾರಿ ಆಸ್ಪತ್ರೆ ಅಥವಾ ಇಎಸ್ಐ (ಕಾರ್ಮಿಕರ ವಿಮೆ) ಆಸ್ಪತ್ರೆ.

ಮಳೆಗಾಲದಲ್ಲಿ ಈ ಲೆಕ್ಕ ತಪ್ಪುತ್ತದೆ. ಡೆಂಗ್ಯೂ ಕೂಡ ಹೀಗೇ ಒಮ್ಮೆಗೇ ಬರುತ್ತದೆ. ಜ್ವರ, ಮೈನೋವು ಇದ್ದು ಕೆಮ್ಮು ಗಂಟಲು ಏನೂ ಇಲ್ಲ, ಕಣ್ಣಿನ ಹಿಂದೆ ನೋವು ಅಂದರೆ ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ರಿಪೋರ್ಟ್ ಬರುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ.

ಈಗ ದುಡ್ಡಿನ ಮಾತು. ಜನ ಜ್ವರ ಮುಚ್ಚಿಡುವುದು ಯಾಕೆ? 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೋನಾ ಸಾವು ನಮ್ಮೂರಿನವರದ್ದೇ ಆಯ್ತಲ್ಲ, ಆಗಿನ ಹೆದರಿಕೆ ಇನ್ನೂ ಸ್ವಲ್ಪ ಇದೆ. ಅದಕ್ಕಿಂತ ಜಾಸ್ತಿ ಕೂಲಿ ಹೋಗುತ್ತದೆ ಅನ್ನುವ ಚಿಂತೆ. ಇಎಸ್ಐ ಇದ್ದವರಿಗೆ ಕಾಯಿಲೆ ರಜೆಗೆ ಸರಾಸರಿ ಕೂಲಿಯ 70 ಪರ್ಸೆಂಟ್ ಸಿಗುತ್ತದೆ ನಿಜ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಇಲ್ಲ. ಫ್ಲೂ ಅತಿ ಹೆಚ್ಚು ಹರಡುವುದು ಆ ಮೊದಲ ದಿನಗಳಲ್ಲೇ! ಆ ಸಂದು ಮುಚ್ಚಲು ಮೊದಲ ಮೂರು ದಿನದ ಕೂಲಿ ನಾನೇ ಕೊಡುತ್ತೇನೆ. ಮೊದಲು ಅರ್ಧ ಕೂಲಿ ಕೊಟ್ಟು ನೋಡಿದ್ದೆ, ಯಾರೂ ಬಾಯಿ ಬಿಡಲಿಲ್ಲ. ತಿಂಗಳು ಪೂರ್ತಿ ಬಂದವರಿಗೆ ಕೊಡುತ್ತಿದ್ದ ಹಾಜರಿ ಬೋನಸ್ ಕೂಡ ತೆಗೆದೆ. ಅದೇ ಜ್ವರ ಇದ್ದವರನ್ನು ಎಳೆದು ತರುತ್ತಿತ್ತು. ಆ ದುಡ್ಡನ್ನು ಸೀಸನ್ ಕೊನೆಗೆ ಎಲ್ಲರಿಗೂ ಹಂಚುತ್ತೇನೆ.

ಹೋದ ಸೀಸನ್‌ನಲ್ಲಿ ಜ್ವರದ ಕೂಲಿ ಅಂತ ಹೋಗಿದ್ದು 20-25 ಸಾವಿರ ಇರಬಹುದು. ಅದರ ಹಿಂದೆ ಒಂದು ಸಲ ಹಮಾಲರ ಟೋಳಿಯೇ ಮಲಗಿ, ಚೆನ್ನೈ ಲೋಡು ತಡವಾಗಿ, ಕ್ವಿಂಟಲಿಗೆ 150ರಷ್ಟು ಬಿಟ್ಟುಕೊಟ್ಟಿದ್ದೆ. ಒಂದು ಲಾರಿಗೆ ಲೆಕ್ಕ ಹಾಕಿಕೊಳ್ಳಿ.

ಮನೆಗೆ ಕಳಿಸಿದರೆ ಆಯ್ತು ಅಂದುಕೊಳ್ಳಬೇಡಿ. ಒಂದೇ ಕೋಣೆಯ ಮನೆ. ಬೇಳೆ ಆರಿಸುವವರಲ್ಲಿ ಒಬ್ಬರು ಜ್ವರದಲ್ಲೇ ನಳದ ನೀರು ಹಿಡಿದು, ರೊಟ್ಟಿ ಬಡಿದು, ಅತ್ತೆಗೂ ಮಕ್ಕಳಿಗೂ ಅಂಟಿಸಿ, ವಾರದ ಮೇಲೆ ಇನ್ನೂ ಸೊರಗಿ ಬಂದರು. ಗಂಡಸರು ಮಲಗುತ್ತಾರೆ, ಹೆಂಗಸರಿಗೆ ಅದೂ ಇಲ್ಲ. ಇನ್ನು ಸಲೈನ್ ಹುಚ್ಚು. ಕ್ಲಿನಿಕ್ಕಿಗೆ ಹೋಗಿ ಸಲೈನ್ ಹಚ್ಚಿಸಿಕೊಂಡು, ಒಂದು ಸೂಜಿ ಮಾಡಿಸಿಕೊಂಡು, ಎಂಟುನೂರು ಕೊಟ್ಟು ಬಂದು ನನ್ನ ಹತ್ತಿರ ಅಡ್ವಾನ್ಸ್ ಕೇಳುತ್ತಾರೆ. ನೀರು, ಅಂಬಲಿ, ಗಂಜಿ ಬಾಯಲ್ಲಿ ಇಳಿಯುತ್ತಿದ್ದರೆ ಸಲೈನ್ ಯಾಕೆ? ಆಂಟಿಬಯೋಟಿಕ್ ಫ್ಲೂ ವೈರಸ್ಸಿಗೆ ಏನೂ ಮಾಡುವುದಿಲ್ಲ. ಈ ಜಗಳದಲ್ಲಿ ನಾನಿನ್ನೂ ಸೋಲುತ್ತಲೇ ಇದ್ದೇನೆ.

ವಾಪಸ್ ಬರುವ ನಿಯಮ ಒಂದೇ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರಬಾರದು. ಕೆಮ್ಮು ಎರಡು ವಾರ ಉಳಿದರೂ ಪರವಾಗಿಲ್ಲ. ಆದರೆ ಹಮಾಲರಿಗೆ ಮೊದಲ ವಾರ ಚೀಲ ಎತ್ತುವ ಕೆಲಸ ಇಲ್ಲ, ಚೀಲ ಹೊಲಿಯುವುದು, ತೂಕ ಬರೆಯುವುದು. ಜ್ವರ ಬಿಟ್ಟರೂ ಕಾಲಲ್ಲಿ ಬಲ ಬಂದಿರುವುದಿಲ್ಲ. ಐವತ್ತು ಕೆಜಿ ಚೀಲ ಹೊತ್ತು ಹಲಗೆ ಏರುವವರಿಗೆ ಅದು ಸಣ್ಣ ವಿಷಯ ಅಲ್ಲ. ಬದಲಿ ಹಮಾಲರನ್ನು ಅದೇ ದಿನ ಎಲ್ಲಿಂದ ತರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚಾಟ. ಎಲ್ಲರಿಗೂ ಶುಂಠಿ ಕಷಾಯ ಮಾಡಿಸಿದೆ. ಗಂಟಲಿಗೆ ಹಿತ ಅಂದರು, ಜ್ವರ ಬಂದವರ ಸಂಖ್ಯೆಯಲ್ಲಿ ಫರಕು ಕಾಣಲಿಲ್ಲ. ಆದರೆ ಕಷಾಯ ಹಂಚುವಾಗ ಕಣ್ಣಿಗೆ ಬಿತ್ತು, ನಾಲ್ಕು ಗ್ಲಾಸಿನಲ್ಲಿ ಮೂವತ್ತು ಜನ ಕುಡಿಯುತ್ತಿದ್ದರು! ಈಗ ಪ್ರತಿಯೊಬ್ಬರಿಗೂ ಹೆಸರು ಕೊರೆಸಿದ ಸ್ಟೀಲ್ ಲೋಟ ಇದೆ.

ಲಸಿಕೆಯನ್ನು ಆಯ್ದ ಕೆಲವರಿಗೆ ಮಾತ್ರ ಹಾಕಿಸಿದ್ದೇನೆ: ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಆಪರೇಟರ್, ಚಹಾ ಮಾಡುವ ಹುಡುಗ, ಮುನೀಮರು. ಒಂದಕ್ಕೆ ಒಂದೂವರೆಯಿಂದ ಎರಡು ಸಾವಿರ, ಅದೂ ಪ್ರತಿ ವರ್ಷ. ಚಹಾ ಹುಡುಗನಿಗೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮಿಲ್ಲಿನಲ್ಲಿ ಪ್ರತಿಯೊಬ್ಬರ ಹತ್ತಿರ ದಿನಕ್ಕೆ ಮೂರು ಸಲ ಹೋಗುವವನು ಅವನೊಬ್ಬನೇ. ಲಸಿಕೆ ಕೆಲಸ ಮಾಡಲು ಎರಡು ವಾರ ಬೇಕು, ಹಾಗಾಗಿ ಈ ಸಲವೂ ನವೆಂಬರಿನಲ್ಲೇ ಹಾಕಿಸುತ್ತೇನೆ. ಪಕ್ಕದ ಮಿಲ್ಲಿನವರು ತಮ್ಮ ಇಬ್ಬರು ಆಪರೇಟರ್‌ಗಳನ್ನೂ ಜೊತೆಗೆ ಕಳಿಸುತ್ತೇವೆ ಅಂದಿದ್ದಾರೆ. ದುಡ್ಡು ಮಾತ್ರ ಮೊದಲೇ ಕೊಡಬೇಕು ಅಂದಿದ್ದೇನೆ.