ಚಿಕಿತ್ಸೆಗೆ ಹೊರಡುವ ಮುನ್ನದ ಇಪ್ಪತ್ತೆರಡು ದಿನಗಳು

ತಂಗಿಯ ಮದುವೆಗೆ ಕುಡಿಯದೆ ಹೋಗಬೇಕೆಂದು ನಿಶ್ಚಯಿಸಿ, ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಕುಡಿತ ನಿಲ್ಲಿಸಿ ನಾನು ಮತ್ಸ್ಯಗಂಧ ರೈಲು ಹತ್ತಿದ್ದೆ. ಮಧ್ಯಾಹ್ನದಿಂದಲೇ ಕೈ ನಡುಗುತ್ತಿತ್ತು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಎದುರು ಕೂತವರು ಮಾತಾಡಿಸಿದರೂ ಬೆಚ್ಚಿಬೀಳುತ್ತಿದ್ದೆ. ರಾತ್ರಿ ರತ್ನಾಗಿರಿ ದಾಟಿದ ಮೇಲೆ ನನಗೆ ಫಿಟ್ಸ್ ಬಂದು, ನಾಲಿಗೆ ಕಚ್ಚಿಕೊಂಡು ಬಿದ್ದಿದ್ದೆನೆಂದು ಆಮೇಲೆ ಹೆಂಡತಿ ಹೇಳಿದಳು. ಊರಿನಲ್ಲಿ ಎಲ್ಲರಿಗೂ ಅದು ಅಪಸ್ಮಾರವೆಂದೇ ತೋರಿತು. ಕುಡಿತವನ್ನು ಒಮ್ಮೆಲೇ ಬಿಟ್ಟದ್ದರ ಪರಿಣಾಮ ಅದು ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ, ಮುಂಬಯಿಯ ಪಾಲಿಕೆ ಆಸ್ಪತ್ರೆಯೊಂದರ ಮನೋರೋಗ ವಿಭಾಗದ ಬೆಂಚಿನ ಮೇಲೆ ಕೂತಿದ್ದಾಗ.

ನಾನು ಕುಂದಾಪುರದ ಕಡೆಯವನು. ಹದಿನೇಳನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನಾದೆ. ಕುಡಿತ ಬಿಟ್ಟ ಮೇಲೆ ನಮ್ಮ ಹೋಟೆಲಿನವರು, ಊರಿನವರು, ಅವರ ಪರಿಚಯದವರು ‘ಯಾವ ಕೇಂದ್ರಕ್ಕೆ ಹೋಗಿದ್ದೆ, ಅದರ ವಿಳಾಸ ಕೊಡು’ ಎಂದು ಕೇಳುತ್ತಾರೆ. ವಿಳಾಸ ಕೊಡುವುದು ಸುಲಭ. ಆದರೆ ನನ್ನ ಮಟ್ಟಿಗೆ ಚಿಕಿತ್ಸೆಯ ಅರ್ಧಭಾಗ ನಡೆದದ್ದು ಕೇಂದ್ರದೊಳಗೆ ಕಾಲಿಡುವ ಮೊದಲಿನ ಇಪ್ಪತ್ತೆರಡು ದಿನಗಳಲ್ಲಿ. ಆದ್ದರಿಂದ ಆ ದಿನಗಳ ಬಗ್ಗೆಯೇ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಮದುವೆಯ ಮರುವರ್ಷ ನನ್ನ ಅಣ್ಣ ಮತ್ತು ಭಾವ ಸೇರಿ, ಮಗುವಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ನನ್ನನ್ನು ಕಾರಿನಲ್ಲಿ ಕೂರಿಸಿ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಬಿಟ್ಟು ಬಂದಿದ್ದರು. ಅಲ್ಲಿ ವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು, ಬಾಗಿಲಿಗೆ ಹೊರಗಿನಿಂದ ಬೀಗವಿತ್ತು, ಎದುರು ಮಾತಾಡಿದವರ ಮೇಲೆ ಕೈಮಾಡುತ್ತಿದ್ದರು. ಎರಡು ತಿಂಗಳ ನಂತರ ಬಿಡುಗಡೆಯಾದ ದಿನವೇ ನಾನು ಕುಡಿದೆ. ಅಣ್ಣನನ್ನು ನಾನು ದೂರುವುದಿಲ್ಲ. ಅವನಿಗೆ ಬೇರೆ ದಾರಿ ತೋರಿರಲಿಲ್ಲ, ಬೇರೆ ದಾರಿ ಇದೆಯೆಂದು ಹೇಳುವವರೂ ಸಿಕ್ಕಿರಲಿಲ್ಲ. ಆದರೆ ಆ ಅನುಭವದಿಂದಾಗಿ ‘ಚಿಕಿತ್ಸೆ’ ಎಂಬ ಮಾತು ಕೇಳಿದರೇ ನನಗೆ ಹೊಟ್ಟೆ ಕಿವುಚುತ್ತಿತ್ತು.

ಮೂರನೆಯ ಸಲ ನಿರ್ಧಾರ ನನ್ನದೇ ಆಗಿತ್ತು. ಒಂದು ದಿನ ಗಲ್ಲಾದಲ್ಲಿ ಚಿಲ್ಲರೆ ಎಣಿಸಲಾಗದಷ್ಟು ಕೈ ನಡುಗಿ, ಗಿರಾಕಿಯೊಬ್ಬರು ತಾವೇ ಎಣಿಸಿ ತೆಗೆದುಕೊಂಡರು. ಆ ಸಂಜೆ ಹೆಂಡತಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಈ ಸಲ ಎಲ್ಲವನ್ನೂ ನೀವೇ ಕೇಳಿ, ನೀವೇ ಗೊತ್ತುಮಾಡಿ. ನಾನು ಜೊತೆಗೆ ಬರುತ್ತೇನೆ, ಆದರೆ ನಿಮ್ಮ ಪರವಾಗಿ ಮಾತಾಡುವುದಿಲ್ಲ’ ಎಂದಳು. ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರೂ ಕೊಟ್ಟಿಲ್ಲ.

ಮೊದಲು ಹೋದದ್ದು ಆ ಪಾಲಿಕೆ ಆಸ್ಪತ್ರೆಗೆ. ಮುಂಬಯಿಯಲ್ಲಿ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ, ಕೇಸ್‌ಪೇಪರ್ ಮಾಡಿಸಲು ತಗಲುವ ಹಣ ಅತ್ಯಲ್ಪ. ಸಾಲು ಉದ್ದವಾಗಿರುತ್ತದೆ, ಅರ್ಧ ದಿನ ಹೋಗುತ್ತದೆ, ಆದರೆ ಖಾಸಗಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು, ಕೇಂದ್ರದ ಲಾಭನಷ್ಟಕ್ಕೆ ಸಂಬಂಧವಿಲ್ಲದ ಒಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅತ್ಯಗತ್ಯವೆಂದು ನಾನು ನಂಬುತ್ತೇನೆ. ಅಲ್ಲಿನ ಯುವ ವೈದ್ಯೆ ಮೊದಲು ಕೇಳಿದ್ದು ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು. ನಾನು ಅಭ್ಯಾಸಬಲದಿಂದ ‘ಮೂರು ಪೆಗ್’ ಎಂದೆ. ಅವರು ಪೆಗ್ ಬಿಟ್ಟು ಕ್ವಾರ್ಟರುಗಳ ಲೆಕ್ಕದಲ್ಲಿ ಹೇಳಿ ಎಂದರು. ಆಗ ನಿಜ ಹೊರಬಂತು: ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಎರಡು ಕ್ವಾರ್ಟರ್, ಬೆಳಿಗ್ಗೆ ನಡುಕ ತಗ್ಗಿಸಲು ಅರ್ಧ.

ಅವರು ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದರು. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್, ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಮದ್ಯಸಾರ ಶೇಕಡ 42.8, ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. ಕುಡಿತವನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಒಂದು ಪ್ರಮಾಣ, ಅಂದರೆ ಒಂದು ‘ಡ್ರಿಂಕ್’, ಎಂದರೆ 10 ಗ್ರಾಂ ಮದ್ಯಸಾರ. ಮೂರು ಪೆಗ್ಗಿನವನೆಂದು ನನ್ನನ್ನೇ ನಂಬಿಸಿಕೊಂಡಿದ್ದ ನಾನು ದಿನಕ್ಕೆ ಹದಿನೈದು ಪ್ರಮಾಣ ಕುಡಿಯುತ್ತಿದ್ದೆ. ಆ ಪ್ರಶ್ನಾವಳಿಯ ಹೆಸರು ಆಡಿಟ್. ಅದರಲ್ಲಿ ಹತ್ತು ಪ್ರಶ್ನೆಗಳು, ಗರಿಷ್ಠ 40 ಅಂಕ. 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇದೆಯೇ ಎಂದು ತಜ್ಞರು ಪರೀಕ್ಷಿಸಬೇಕಾಗುತ್ತದೆ. ನನಗೆ 31 ಬಂದಿತ್ತು. ಈ ಸುಳ್ಳು ಲೆಕ್ಕದ ವಿಷಯವನ್ನು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮದ್ಯ ಬಿಡಿಸುವಾಗ ಕೊಡುವ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಮಾತ್ರೆಗಳ ಪ್ರಮಾಣವನ್ನು ನಾವು ಹೇಳುವ ಕುಡಿತದ ಲೆಕ್ಕವನ್ನೂ ನೋಡಿಕೊಂಡು ನಿಶ್ಚಯಿಸುತ್ತಾರೆ. ಮರ್ಯಾದೆಗೆ ಅಂಜಿ ಕಡಿಮೆ ಹೇಳಿದರೆ ಮಾತ್ರೆ ಸಾಲದೆ ಫಿಟ್ಸ್ ಬರಬಹುದು.

ರೈಲಿನ ಘಟನೆಯನ್ನು ಹೇಳಿದಾಗ ಅವರ ಮುಖಭಾವವೇ ಬದಲಾಯಿತು. ಮದ್ಯವು ಮೆದುಳನ್ನು ಸದಾ ಮಂಕಾಗಿಸುತ್ತದೆ, ಮೆದುಳು ಅದಕ್ಕೆ ಪ್ರತಿಯಾಗಿ ವರ್ಷಗಟ್ಟಲೆ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ, ಮದ್ಯ ಒಮ್ಮೆಲೇ ನಿಂತಾಗ ಆ ಉದ್ರೇಕಕ್ಕೆ ತಡೆಯಿಲ್ಲದಂತಾಗುತ್ತದೆ ಎಂದು ವಿವರಿಸಿದರು. ನಡುಕ ಮತ್ತು ಬೆವರು ಕೆಲವೇ ಗಂಟೆಗಳಲ್ಲಿ ಆರಂಭವಾಗುತ್ತವೆ, ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ ಬರುತ್ತದೆ, ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕುದೆಸೆ ತಿಳಿಯದಂಥ ಸನ್ನಿ ಹಿಡಿಯುತ್ತದೆ, ಚಿಕಿತ್ಸೆ ಸಿಗದಿದ್ದರೆ ಅದರಿಂದ ಸಾವೂ ಸಂಭವಿಸಬಹುದು. ಒಮ್ಮೆ ಫಿಟ್ಸ್ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಆದ್ದರಿಂದ ಮನೆಯಲ್ಲಿ ಬಿಡುವ ಪ್ರಯತ್ನ ನನಗೆ ಸಲ್ಲದು, ದಾಖಲಾಗುವ ದಿನದವರೆಗೆ ಒಮ್ಮೆಲೇ ನಿಲ್ಲಿಸಲೂಬಾರದು ಎಂದು ಸ್ಪಷ್ಟವಾಗಿ ಬರೆದುಕೊಟ್ಟರು. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಹಗುರವಾದ ಅವಲಂಬನೆ ಇರುವ ಎಷ್ಟೋ ಮಂದಿ ಹೊರರೋಗಿಗಳಾಗಿಯೇ ಮಾತ್ರೆ ತೆಗೆದುಕೊಂಡು ಬಿಟ್ಟಿದ್ದಾರೆ. ಯಾರು ಯಾವ ಗುಂಪಿಗೆ ಸೇರಿದವರೆಂದು ವೈದ್ಯರೇ ಹೇಳಬೇಕು.

ಅದೇ ವಾರ ರಕ್ತಪರೀಕ್ಷೆ, ಯಕೃತ್ತಿನ ಪರೀಕ್ಷೆ, ಹೊಟ್ಟೆಯ ಸೋನೋಗ್ರಫಿ, ಇಸಿಜಿ ಮಾಡಿಸಿ, ಥಯಾಮಿನ್ ಮಾತ್ರೆ ಆರಂಭಿಸಿದರು. ದೀರ್ಘಕಾಲ ಕುಡಿದವರ ದೇಹದಲ್ಲಿ ಈ ಜೀವಸತ್ವ ಬರಿದಾಗಿರುತ್ತದೆ, ಅದರ ತೀವ್ರ ಕೊರತೆಯಿಂದ ನೆನಪಿನ ಶಕ್ತಿಗೇ ಶಾಶ್ವತ ಪೆಟ್ಟು ಬೀಳಬಹುದು. ಎರಡು ಹೊತ್ತು ಸರಿಯಾಗಿ ಉಣ್ಣಬೇಕೆಂದೂ ಹೇಳಿದ್ದರು. ಹೋಟೆಲಿನಲ್ಲೇ ದುಡಿಯುವವನಿಗೆ ಊಟ ಮಾಡು ಎಂದು ಹೇಳಬೇಕಾಗಿ ಬಂದದ್ದು ಹೆಂಡತಿಗೆ ಬಹಳ ನೋವುಂಟುಮಾಡಿತು.

ಇನ್ನು ಕೇಂದ್ರದ ಆಯ್ಕೆ. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ 1986ರಲ್ಲಿ ಆರಂಭಿಸಿದ ಮುಕ್ತಾಂಗಣ, ಬಾಂದ್ರಾದಲ್ಲಿ ಫಾದರ್ ಜೋ ಪೆರೇರಾ 1981ರಲ್ಲಿ ಕಟ್ಟಿದ ಕೃಪಾ ಫೌಂಡೇಶನ್ ಇಲ್ಲಿನ ಜನರಿಗೆ ಚಿರಪರಿಚಿತ. ಅವಲ್ಲದೆ ಸಣ್ಣಪುಟ್ಟ ಕೇಂದ್ರಗಳು ಹಲವಿವೆ. ನಾನು ಐದು ಕಡೆ ಫೋನು ಮಾಡಿ, ಎರಡು ಕಡೆ ಖುದ್ದಾಗಿ ಹೋಗಿ ನೋಡಿದೆ. ಹಿಂದಿನ ಕೇಂದ್ರದ ಬೀಗದ ಸದ್ದು ಕಿವಿಯಲ್ಲಿದ್ದುದರಿಂದ ನನ್ನ ಮೊದಲ ಪ್ರಶ್ನೆ ಎಲ್ಲೆಡೆಯೂ ಒಂದೇ: ನಾನು ಬಿಡುಗಡೆ ಕೇಳಿದರೆ ಏನು ಮಾಡುತ್ತೀರಿ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಂಡಿದೆ. ಇಂಥವರನ್ನು ದಾಖಲಿಸಿಕೊಳ್ಳುವ ಸಂಸ್ಥೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರಬೇಕು, ಸ್ವಇಚ್ಛೆಯಿಂದ ದಾಖಲಾದ ವಯಸ್ಕನು ಬಿಡುಗಡೆ ಕೇಳಬಹುದು, ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಒಂದು ಕಡೆ ನೋಂದಣಿ ಪತ್ರದ ಬಗ್ಗೆ ಕೇಳುತ್ತಲೇ ಮಾತಿನ ಧಾಟಿ ಬದಲಾಯಿತು. ಇನ್ನೊಂದು ಕಡೆ ‘ನೂರಕ್ಕೆ ನೂರು ಗ್ಯಾರಂಟಿ’ ಎಂದರು. ಮರುಕಳಿಸುವುದು ಈ ಕಾಯಿಲೆಯ ಸ್ವಭಾವದಲ್ಲೇ ಇರುವಾಗ ಗ್ಯಾರಂಟಿ ಕೊಡುವವರನ್ನು ನಂಬಲು ನನಗೆ ಸಾಧ್ಯವಾಗಲಿಲ್ಲ.

ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಕೊನೆಗೆ ನಾನು ಆರಿಸಿಕೊಂಡ ಪುಣೆಯ ಕೇಂದ್ರದವರು ಇದಕ್ಕೆ ಉತ್ತರವಾಗಿ ರಾತ್ರಿಪಾಳಿಯ ನರ್ಸನ್ನು ಕರೆದು ಪರಿಚಯಿಸಿದರು, ತುರ್ತು ಸಂದರ್ಭದಲ್ಲಿ ಕರೆದೊಯ್ಯುವ ಆಸ್ಪತ್ರೆಯ ಹೆಸರು ಹೇಳಿದರು. ನನ್ನ ಮನಸ್ಸು ನಿಂತದ್ದು ಅಲ್ಲಿಯೇ. ಮನೆಯವರಿಗೆ ಸಭೆ ಇದೆಯೇ, ವೆಚ್ಚವನ್ನು ಬರಹದಲ್ಲಿ ಕೊಡುತ್ತೀರಾ, ಹೊರಬಂದ ಮೇಲೆ ಎಷ್ಟು ತಿಂಗಳು ಸಂಪರ್ಕವಿರುತ್ತದೆ ಎಂಬುದನ್ನೂ ಕೇಳಿದೆ. ವಿಮೆಯನ್ನು ನೆಚ್ಚಿಕೊಂಡಿದ್ದೆ, ಆದರೆ ಪಾಲಿಸಿ ತೆರೆದು ಓದಿದಾಗ ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಟ್ಟಿದ್ದು ಕಂಡಿತು. ಹಣವನ್ನು ಸಂಘದ ಚೀಟಿಯಿಂದ ಎತ್ತಿದೆ.

ಭಾಷೆಯ ಪ್ರಶ್ನೆ ನನಗೆ ಚಿಕ್ಕದಾಗಿರಲಿಲ್ಲ. ಮರಾಠಿ, ಹಿಂದಿಗಳಲ್ಲಿ ನಾನು ವ್ಯವಹಾರ ಮಾಡಬಲ್ಲೆ, ಆದರೆ ಅಪ್ಪ ಸತ್ತಾಗ ಊರಿಗೆ ಹೋಗಲಾಗದೆ ಗಲ್ಲಾದಲ್ಲೇ ಕೂತಿದ್ದ ರಾತ್ರಿಯನ್ನು ಆ ಭಾಷೆಗಳಲ್ಲಿ ಹೇಳಲು ನನಗೆ ಬರುವುದಿಲ್ಲ. ಕೇಂದ್ರದಲ್ಲಿ ಕನ್ನಡದ ಸಲಹೆಗಾರರಿರಲಿಲ್ಲ. ಆದರೆ ಅಲ್ಲಿನ ಮುಖ್ಯಸ್ಥೆ, ‘ನಿಮ್ಮ ಕಥೆಯನ್ನು ಕನ್ನಡದಲ್ಲೇ ಬರೆಯಿರಿ, ಆಮೇಲೆ ನಮಗೆ ಹಿಂದಿಯಲ್ಲಿ ಹೇಳಿ’ ಎಂದರು. ಹೊರಡುವ ಮುನ್ನ ಇನ್ನೂರು ಪುಟದ ನೋಟುಪುಸ್ತಕ ಕೊಂಡು, ಮೊದಲ ಕ್ವಾರ್ಟರಿನಿಂದ ಆರಂಭಿಸಿ ಬರೆಯತೊಡಗಿದೆ. ದಿನವೂ ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ, ಎಷ್ಟು ಕುಡಿದೆ ಎಂಬುದನ್ನೂ ಅದರಲ್ಲೇ ಗುರುತುಹಾಕಿದೆ. ಎರಡು ವಾರಗಳಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು: ನನ್ನ ಕುಡಿತದ ಬಹುಭಾಗ ರಾತ್ರಿ ಹೋಟೆಲಿನ ಶಟರ್ ಎಳೆದು ಲೆಕ್ಕ ಮುಗಿಸಿದ ಮೇಲಿನ ಒಂದೂವರೆ ಗಂಟೆಯಲ್ಲಿ ನಡೆಯುತ್ತಿತ್ತು.

ಆ ಪುಟವನ್ನು ಹಿಡಿದುಕೊಂಡೇ ಧಣಿಗಳ ಬಳಿಗೆ ಹೋದೆ. ಅವರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ‘ರಜೆ ಬೇಕು ಧಣಿ, ಊರಿಗಲ್ಲ, ಕುಡಿತ ಬಿಡಿಸಿಕೊಳ್ಳಲು’ ಎಂದೆ. ಅವರು ತಲೆಯೆತ್ತದೆ, ‘ಹೋಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು ಮಾರಾಯ, ನೀನು ಹೇಳಲಿ ಅಂತ ಕಾದಿದ್ದೆವು’ ಎಂದರು. ಹಿಂದಿರುಗಿದ ಮೇಲೆ ನನಗೆ ಬೆಳಗಿನ ಪಾಳಿ ಕೊಡಬೇಕೆಂದೂ, ಮುಚ್ಚುವ ಲೆಕ್ಕವನ್ನು ಬೇರೆಯವರು ನೋಡಬೇಕೆಂದೂ ಕೇಳಿಕೊಂಡೆ, ಒಪ್ಪಿದರು. ಬಾರಿನ ಉದ್ರಿಯನ್ನು ಹೆಂಡತಿಯ ಜೊತೆ ಹಗಲು ಹೊತ್ತಿನಲ್ಲಿ ಹೋಗಿ ತೀರಿಸಿದೆ. ಅದನ್ನು ಉಳಿಸಿಕೊಂಡಿದ್ದರೆ ಹಿಂದಿರುಗಿದ ಮೇಲೆ ಬಾಕಿ ತೀರಿಸುವ ನೆಪದಲ್ಲಿ ಮತ್ತೆ ಆ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ಈ ನಡುವೆ ಸಂಬಂಧಿಯೊಬ್ಬರು, ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ಜಾಹೀರಾತನ್ನು ಹೆಂಡತಿಗೆ ತಂದುಕೊಟ್ಟಿದ್ದರು. ಆಸ್ಪತ್ರೆಯ ವೈದ್ಯೆ ಅದನ್ನು ನೋಡಿ ಬಹಳ ಗಂಭೀರವಾಗಿ ಎಚ್ಚರಿಸಿದರು. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ಯಕೃತ್ತಿನ ಪರೀಕ್ಷೆ ಮಾಡಿ ಮಾತ್ರ ಕೊಡಬೇಕು. ಗುಟ್ಟಿನ ಪುಡಿಯಲ್ಲಿ ಅದೇ ಇದ್ದರೆ ಕುಡಿಯುವವನಿಗೆ ತಾನು ತಿಂದದ್ದು ಏನೆಂದೇ ಗೊತ್ತಿರುವುದಿಲ್ಲ.

ಹೊರಡುವ ದಿನ ಚೀಲದಲ್ಲಿ ಬಟ್ಟೆ, ನೋಟುಪುಸ್ತಕ, ಪರೀಕ್ಷಾ ವರದಿಗಳು, ರಕ್ತದೊತ್ತಡದ ಮಾತ್ರೆ. ಮದ್ಯಸಾರವಿರುವ ಆಫ್ಟರ್‌ಶೇವ್ ತರಬಾರದೆಂದು ಹೇಳಿದ್ದರು. ವೈದ್ಯೆ ಬರೆದುಕೊಟ್ಟಂತೆ ಬೆಳಿಗ್ಗೆ ಮಾಮೂಲಿ ಪ್ರಮಾಣ ತೆಗೆದುಕೊಂಡು, ಹೆಂಡತಿ ಮತ್ತು ಅಣ್ಣನ ಜೊತೆ ಠಾಣೆಯಿಂದ ಪುಣೆಗೆ ಹೋದೆ. ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ ಎಂದು ದಾಖಲಾತಿಯಲ್ಲಿ ಕೇಳಿದಾಗ ನಿಮಿಷದ ಸಮೇತ ಹೇಳಿದೆ. ಮೊದಲ ಐದು ದಿನ ಮಾತ್ರೆಯನ್ನು ದಿನದಿಂದ ದಿನಕ್ಕೆ ತಗ್ಗಿಸಿದರು. ಫಿಟ್ಸ್ ಬರಲಿಲ್ಲ.

ನನ್ನ ಪಕ್ಕದ ಮಂಚದಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನಿದ್ದ, ಬ್ರೌನ್ ಶುಗರ್ ಎಂಬ ಕಚ್ಚಾ ಹೆರಾಯಿನ್ ಸೇದುತ್ತಿದ್ದವನು. ಅವನಿಗಾಗಿ ಕೇಂದ್ರ ಹುಡುಕುವವರು ಕೇಳಬೇಕಾದ ಪ್ರಶ್ನೆಗಳು ಬೇರೆ ಎಂಬುದು ಅಲ್ಲಿ ತಿಳಿಯಿತು. ಅಫೀಮಿನ ಜಾತಿಯ ಮಾದಕವಸ್ತು ಬಿಟ್ಟಾಗ ಮೈಕೈ ನೋವು, ಭೇದಿ, ನಿದ್ರಾಹೀನತೆ ಹಿಂಡಿಹಾಕಿದರೂ ಮದ್ಯದಂತೆ ಫಿಟ್ಸ್ ಬರುವುದು ಅಪರೂಪ. ಅಲ್ಲಿ ದೊಡ್ಡ ಅಪಾಯವಿರುವುದು ಬಿಟ್ಟ ನಂತರ. ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ತಗ್ಗಿರುತ್ತದೆ, ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು. ಆದ್ದರಿಂದ ಆ ಮಾದಕವಸ್ತುವಿನ ಬದಲಿಗೆ ವೈದ್ಯರು ಕೊಡುವ ಬ್ಯೂಪ್ರೆನಾರ್ಫಿನ್ ಎಂಬ ಔಷಧದ ಚಿಕಿತ್ಸೆಯನ್ನು ತಿಂಗಳುಗಟ್ಟಲೆ, ಅಗತ್ಯವಿದ್ದರೆ ವರ್ಷಗಟ್ಟಲೆ ಮುಂದುವರಿಸುವ ವ್ಯವಸ್ಥೆ ಇದೆಯೇ ಎಂದು ಅವನ ಮನೆಯವರು ಮೊದಲೇ ಕೇಳಬೇಕಿತ್ತು. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಎಲ್ಲಿಂದ ಆರಂಭಿಸಬೇಕೆಂದೇ ತೋಚದವರು 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಗೆ ಅಥವಾ 14416 ಎಂಬ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನು ಮಾಡಬಹುದು, ಎರಡೂ ಉಚಿತ.

ಹಿಂದಿರುಗಿದ ದಿನದ ಸಂಜೆಗೇ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ನನ್ನ ಮೊದಲ ಸಭೆ ಗೊತ್ತಾಗಿತ್ತು. ಅದರ ಸ್ಥಳವನ್ನು ದಾಖಲಾಗುವ ಮೊದಲೇ ಹೋಗಿ ನೋಡಿಕೊಂಡು ಬಂದಿದ್ದೆ. ಅಲ್ಲಿ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದಿದ್ದರೆ ಸಾಕು. ಹೆಂಡತಿ ಕುಟುಂಬದವರಿಗಾಗಿ ಇರುವ ಅಲ್-ಅನಾನ್ ಸಭೆಗೆ ಹೋಗತೊಡಗಿದಳು.

ನಾಲ್ಕನೆಯ ತಿಂಗಳಲ್ಲಿ, ಬೆಳಗಿನ ಪಾಳಿಯಲ್ಲಿದ್ದರೂ, ಊರಿನಿಂದ ಬಂದ ಗೆಳೆಯನ ಜೊತೆ ಒಂದು ರಾತ್ರಿ ಕುಡಿದೆ. ಮನೆಗೆ ಬಂದಾಗ ಹೆಂಡತಿ ಬೈಯಲಿಲ್ಲ, ನೋಟುಪುಸ್ತಕದ ಕೊನೆಯ ಪುಟದಲ್ಲಿ ಸಲಹೆಗಾರರ ನಂಬರಿನ ಕೆಳಗೆ ನಾನೇ ಬರೆದಿದ್ದ ಸಾಲನ್ನು ತೋರಿಸಿದಳು: ‘ಮತ್ತೆ ಕುಡಿದರೆ ಅದೇ ದಿನ ಫೋನು ಮಾಡಬೇಕು, ನಾಳೆ ಅಲ್ಲ’. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಫೋನು ಮಾಡಿದೆ. ಮರುದಿನ ಆಸ್ಪತ್ರೆಗೆ ಹೋದೆ, ಎರಡು ವಾರ ದಿನಬಿಟ್ಟು ದಿನ ಬರಹೇಳಿದರು. ಅಂದಿನಿಂದ ಈಗ ಆರು ವರ್ಷ, ಬೆಳಗಿನ ಪಾಳಿ ಹಾಗೆಯೇ ಮುಂದುವರಿದಿದೆ.