ಗುದ್ದಲಿ ಪೂಜೆಯಿಂದ ಗೃಹಪ್ರವೇಶದವರೆಗೆ: ಮನೆ ಕಟ್ಟಿಸುವವರನ್ನು ಹಂತಹಂತವಾಗಿ ನಡೆಸುವುದು ಹೇಗೆ?

ಮನೆ ಕಟ್ಟಿಸುವವರಿಗೂ ಗುತ್ತಿಗೆದಾರರಿಗೂ ಮನಸ್ತಾಪ ಬರುವುದು ಬಹುಪಾಲು ಎರಡು ಕಾರಣಕ್ಕೆ. ಯಾವ ಹಂತಕ್ಕೆ ಎಷ್ಟು ದುಡ್ಡು ಎಂಬುದು ಬರಹದಲ್ಲಿರುವುದಿಲ್ಲ. ಯಾವ ತೀರ್ಮಾನವನ್ನು ಯಾವಾಗ ಹೇಳಬೇಕು ಎಂಬುದು ಮಾಲೀಕರಿಗೆ ಗೊತ್ತಿರುವುದಿಲ್ಲ. ಗಾರೆ ಮುಗಿದ ಮೇಲೆ ‘ಇಲ್ಲೊಂದು ಎ.ಸಿ. ಪಾಯಿಂಟ್ ಬೇಕಿತ್ತಲ್ಲ’ ಎಂದು ಮಾಲೀಕರು ಕೇಳಿದರೆ ಅದು ಅವರ ತಪ್ಪಲ್ಲ. ಕೇಳಬೇಕಾದ ಹೊತ್ತಿನಲ್ಲಿ ಗುತ್ತಿಗೆದಾರ ಕೇಳಿಲ್ಲ, ಅಷ್ಟೇ.

ಆದ್ದರಿಂದ ಗುತ್ತಿಗೆದಾರರೇ, ಪ್ರತಿ ಹಂತಕ್ಕೂ ಮೂರು ವಿಷಯ ಬರೆದಿಡಿ: ಏನು ಮುಗಿದಿರಬೇಕು, ಮುಂದಿನದಕ್ಕೆ ಮೊದಲು ಮಾಲೀಕರು ಏನು ತೀರ್ಮಾನಿಸಬೇಕು, ಎಷ್ಟು ಹಣ ಬರಬೇಕು.

ಕರಾರು

ಒಂದಂತಸ್ತಿನ ಮನೆಗೆ ಹಣವನ್ನು ಹೀಗೆ ಹಂಚಬಹುದು: ಮುಂಗಡ ಶೇ 10, ಪ್ಲಿಂತ್ (ಮನೆಯ ನೆಲಮಟ್ಟದವರೆಗಿನ ಅಡಿಕಟ್ಟು) ಮುಗಿದಾಗ 20, ಲಿಂಟಲ್‌ಗೆ (ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ) 15, ಮೋಲ್ಡ್‌ಗೆ (ತಾರಸಿಯ ಕಾಂಕ್ರೀಟ್) 20, ಗಾರೆಗೆ 15, ಟೈಲ್ಸ್ ಮತ್ತು ವೈರಿಂಗ್‌ಗೆ 10, ಪೇಂಟಿಂಗ್‌ಗೆ 5, ಕೀಲಿ ಕೊಡುವಾಗ 5. ಮಾಲೀಕರು ಗೃಹಸಾಲ ತೆಗೆದಿದ್ದರೆ ಬ್ಯಾಂಕ್ ಹಣ ಬಿಡುವ ಹಂತಗಳಿಗೆ ಇದನ್ನು ಹೊಂದಿಸಿ. ಬ್ಯಾಂಕಿನವರು ಬಂದು ನೋಡಿದ ಮೇಲೆ ಕಂತು ಬರುತ್ತದೆ. ಆ ನಡುವಿನ ದಿನಗಳಿಗೆ ಯಾರ ಕೈದುಡ್ಡು ಎಂಬುದನ್ನು ಆಗಲೇ ಮಾತಾಡಿಕೊಳ್ಳಿ. ಚದರಡಿ ದರದಲ್ಲಿ ಸಂಪು, ಕಾಂಪೌಂಡ್, ಓವರ್‌ಹೆಡ್ ಟ್ಯಾಂಕ್ ಸೇರಿವೆಯೇ, ಬಾಲ್ಕನಿಗೆ ಪೂರ್ತಿ ಲೆಕ್ಕವೋ ಅರ್ಧವೋ ಎಂಬುದೂ ಕರಾರಿನಲ್ಲಿರಲಿ.

ಗೃಹಪ್ರವೇಶ ಯಾವಾಗ ಅಂದುಕೊಂಡಿದ್ದಾರೆ ಎಂದು ಮೊದಲ ದಿನವೇ ಕೇಳಿ. ಆಷಾಢ, ಧನುರ್ಮಾಸ ಬಿಟ್ಟು ಮುಹೂರ್ತ ನೋಡುವವರೇ ಹೆಚ್ಚು. ಆಷಾಢ ಬರುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ ಕೊನೆಯ ಕೋಟ್ ಪೇಂಟ್ ಹಸಿ ಗೋಡೆಯ ಮೇಲೆ ಬೀಳುತ್ತದೆ, ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ. ಮುಹೂರ್ತಕ್ಕೆ 15 ದಿನ ಮೊದಲೇ ಕೆಲಸ ಮುಗಿಯುವಂತೆ ಲೆಕ್ಕ ಹಾಕಿ.

ಮಾರ್ಕಿಂಗ್, ಪಾಯ, ಪ್ಲಿಂತ್

ಸೈಟಿನಲ್ಲಿ ಕಟ್ಟಡದ ಗುರುತು ಹಾಕುವ ಮಾರ್ಕಿಂಗ್ ದಿನ ಮಾಲೀಕರ ಕೈಗೇ ಟೇಪ್ ಕೊಡಿ. 30X40 ಸೈಟ್ ಮೂಲೆಮಟ್ಟದಲ್ಲಿದ್ದರೆ ಕರ್ಣ ಸರಿಯಾಗಿ 50 ಅಡಿ ಬರುತ್ತದೆ. ಎರಡೂ ಕರ್ಣ ಅಳೆಯಲಿ. ಸೈಟ್ ಓರೆಯಾಗಿದ್ದರೆ ಅಲ್ಲೇ ತಿಳಿಯುತ್ತದೆ. ಕಟ್ಟಡದ ಗುರುತುಗಳ ಕರ್ಣಗಳೂ ಒಂದಕ್ಕೊಂದು ಸಮ ಇರಬೇಕು.

ಪ್ಲಿಂತ್ ಎತ್ತರ ನಿರ್ಧರಿಸುವಾಗ ರಸ್ತೆಗೆ ಮುಂದೆ ಬೀಳುವ ಡಾಂಬರಿನ ಪದರಗಳನ್ನೂ ನೆನಪಿಡಿ. ಒಳಗೆ ಮಣ್ಣು ತುಂಬಿಸುವ ಮೊದಲು ಒಳಚರಂಡಿ ಪೈಪು ಎಲ್ಲಿ ಹೊರಬೀಳುತ್ತದೆ ಎಂದು ತೋರಿಸಿ ಫೋಟೊ ತೆಗೆಯಿರಿ. ಗೆದ್ದಲು ಔಷಧಿಗೂ ಇದೇ ಕಾಲ.

ಲಿಂಟಲ್

ಬಾಗಿಲು ನಿಲ್ಲಿಸುವ ಪೂಜೆಗೆ ಮಾಲೀಕರ ಮನೆಮಂದಿಯೆಲ್ಲ ಬರುತ್ತಾರೆ. ಅಡುಗೆಮನೆ ಕಟ್ಟೆಯ ಎತ್ತರ, ಸಿಂಕ್ ಜಾಗ, ದೇವರಮನೆಯ ಬಾಗಿಲು ಎತ್ತ, ಇವನ್ನು ಕೇಳಲು ಅದಕ್ಕಿಂತ ಒಳ್ಳೆಯ ದಿನ ಸಿಗದು. ಕಟ್ಟೆ ಸಾಮಾನ್ಯವಾಗಿ 32ರಿಂದ 34 ಇಂಚು. ಆದರೆ ಅಲ್ಲಿ ನಿಂತು ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳೆದುಕೊಳ್ಳಿ.

ಲಿಂಟಲ್‌ನ 7 ಅಡಿಯನ್ನು ಟೈಲ್ಸ್ ಹಾಕಿದ ಮೇಲಿನ ಮಟ್ಟದಿಂದ ಲೆಕ್ಕ ಹಾಕಬೇಕು. ಒರಟು ನೆಲದಿಂದ ಅಳೆದರೆ ಟೈಲ್ಸ್ ಮತ್ತು ಕೆಳಗಿನ ಗಾರೆ ಸೇರಿ ಎರಡು ಮೂರು ಇಂಚು ನುಂಗುತ್ತವೆ, ಬಾಗಿಲು ಗಿಡ್ಡವಾಗುತ್ತದೆ.

ಮೋಲ್ಡ್: ತಪ್ಪಿದರೆ ತಿದ್ದಲಾಗದ ಹಂತ

ಕಬ್ಬಿಣ ಕಟ್ಟಿ ಮುಗಿದ ಮೇಲೆ, ಕಾಂಕ್ರೀಟ್‌ಗೆ ಒಂದು ದಿನ ಮೊದಲು, ಮಾಲೀಕರನ್ನೂ ಎಂಜಿನಿಯರ್‌ರನ್ನೂ ಸೆಂಟ್ರಿಂಗ್ (ಕಾಂಕ್ರೀಟ್ ಹೊರಲು ತಾತ್ಕಾಲಿಕವಾಗಿ ಕಟ್ಟಿದ ಹಲಗೆಗಳು) ಮೇಲೆ ಹತ್ತಿಸಿ. ಫ್ಯಾನ್ ಬಾಕ್ಸ್, ವೈರಿಂಗ್ ಪೈಪು, ಬಾತ್‌ರೂಮ್ ಪೈಪಿಗೆ ಬಿಟ್ಟ ತೂತು ಎಲ್ಲವನ್ನೂ ಕೋಣೆವಾರು ತೋರಿಸಿ, ಟೇಪ್ ಹಿಡಿದು ಫೋಟೊ ತೆಗೆದು, ಒಪ್ಪಿಗೆಯ ಸಹಿ ಪಡೆಯಿರಿ. ಕಬ್ಬಿಣವನ್ನು ಹಲಗೆಯಿಂದ ಎತ್ತಿ ಹಿಡಿಯಲು ಅದರಡಿ 20 ಮಿ.ಮೀ. ಕವರ್ ಬ್ಲಾಕ್ ಇರಬೇಕು. ಜಲ್ಲಿ ಚೂರು ಇಟ್ಟರೆ ತುಳಿತಕ್ಕೆ ಜಾರಿ ಕಬ್ಬಿಣ ಹಲಗೆಗೆ ತಾಗುತ್ತದೆ. ಮುಂದೆ ತುಕ್ಕು ಹಿಡಿದು ತಾರಸಿಯ ಗಾರೆ ಉದುರುವುದು ಅಲ್ಲಿಂದಲೇ. ಸೈಟಿನಲ್ಲಿ ಕಲಸುವ ಎಂ20 ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ 50 ಕೆ.ಜಿ. ಸಿಮೆಂಟ್ ಮೂಟೆಗೆ ನೀರು 30 ಲೀಟರ್ ಮೀರಬಾರದು. ಕೆಲಸದವರು ಸಲೀಸಾಗಲೆಂದು ಹೆಚ್ಚು ಸುರಿಯುತ್ತಾರೆ. ಬಕೆಟ್‌ಗೆ ಗೆರೆ ಹಾಕಿಕೊಡಿ.

ಇದಾದ ಮೇಲೆ ಎರಡು ವಾರ ಸೈಟ್ ಖಾಲಿ ಕಾಣುತ್ತದೆ. ‘ಕೆಲಸ ನಿಲ್ಲಿಸಿಬಿಟ್ಟರು’ ಎಂದು ಮಾಲೀಕರು ಗಾಬರಿಯಾಗುವುದು ಈಗಲೇ, ಹಾಗಾಗಿ ಕಾರಣವನ್ನು ಮೊದಲೇ ಹೇಳಿಡಿ. ಪಿ.ಪಿ.ಸಿ. (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟ್ ಆದರೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ತಾರಸಿಯ ಮೇಲೆ ನೀರು ನಿಲ್ಲಿಸಬೇಕು. ಕೆಳಗೆ ಕೊಟ್ಟ ಆನಿಕೆಗಳನ್ನು, ಆಧಾರದಿಂದ ಆಧಾರಕ್ಕೆ 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ಉದ್ದವಿದ್ದರೆ 14 ದಿನ, ಬೀಮ್‌ಗಳಿಗೆ 14ರಿಂದ 21 ದಿನ ತೆಗೆಯುವಂತಿಲ್ಲ. ಬೇರೆ ಸೈಟಿಗೆ ಬೇಕೆಂದು ಸೆಂಟ್ರಿಂಗ್‌ನವರು ಬೇಗ ಬಿಚ್ಚಲು ಬಂದರೆ ಬಿಡಬೇಡಿ.

ಗಾರೆಯಿಂದ ಕೀಲಿಯವರೆಗೆ

ಗೋಡೆ ಕೊರೆಯುವ ಮೊದಲು ಸ್ವಿಚ್ ಬೋರ್ಡ್‌ಗಳನ್ನು ಸೀಮೆಸುಣ್ಣದಲ್ಲಿ ಬರೆದು ಮಾಲೀಕರಿಗೆ ತೋರಿಸಿ. ಮಂಚ, ಟಿ.ವಿ., ಫ್ರಿಜ್ ಎಲ್ಲಿ ಬರುತ್ತವೆ ಎಂದು ಅವರೇ ಹೇಳಲಿ. ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ಚಿಕನ್ ಮೆಶ್ (ತೆಳು ತಂತಿಬಲೆ) ಹೊಡೆಯದೆ ಗಾರೆ ಬಳಿದರೆ ಅದೇ ಗೆರೆಯಲ್ಲಿ ಬಿರುಕು ಬರುತ್ತದೆ. ಗೋಡೆಯೊಳಗಿನ ಪೈಪುಗಳಿಗೆ ಗಾರೆಗೆ ಮೊದಲೇ ಒತ್ತಡ ಕೊಟ್ಟು ನೋಡಿ. ಬಾತ್‌ರೂಮಿನಲ್ಲಿ ಟೈಲ್ಸ್‌ಗೆ ಮೊದಲು 48 ಗಂಟೆ ನೀರು ನಿಲ್ಲಿಸಿ.

ಪ್ರತಿ ಶನಿವಾರ ಬಟವಾಡೆಯ ದಿನ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಫೋಟೊ, ವಾರದಲ್ಲಿ ಆದದ್ದು, ಮುಂದಿನ ವಾರಕ್ಕೆ ಬೇಕಾದ ತೀರ್ಮಾನ ಕಳುಹಿಸಿ. ಮಾಲೀಕರು ಹೊಸದಾಗಿ ಏನಾದರೂ ಕೇಳಿದರೆ ದರ ಮತ್ತು ಹೆಚ್ಚುವ ದಿನಗಳನ್ನು ಬರೆದು ಕಳುಹಿಸಿ, ‘ಒಪ್ಪಿಗೆ’ ಎಂಬ ಉತ್ತರ ಬಂದ ಮೇಲೆಯೇ ಕೈಹಾಕಿ. ಬಾಯಿಮಾತಿನಲ್ಲಿ ಒಪ್ಪಿದ ಎಕ್ಸ್‌ಟ್ರಾ ಕೆಲಸಕ್ಕೆ ಕೊನೆಯ ಬಿಲ್ಲಿನಲ್ಲಿ ದುಡ್ಡು ಹುಟ್ಟುವುದು ಕಷ್ಟ.

ಕೀಲಿ ಕೊಡುವ ದಿನ ಮಾಲೀಕರ ಜೊತೆ ಕೋಣೆ ಕೋಣೆಗೂ ಹೋಗಿ ಪ್ರತಿ ನಲ್ಲಿ, ಸ್ವಿಚ್, ಚಿಲಕ ಆಡಿಸಿ ನೋಡಿ, ಬಾಕಿ ಇರುವುದನ್ನು ಪಟ್ಟಿ ಮಾಡಿ. ವಾಲ್ವ್‌ಗಳಿಗೆ ಹೆಸರಿನ ಚೀಟಿ ಅಂಟಿಸಿ. ಪೈಪು ಮತ್ತು ವೈರಿಂಗ್ ಫೋಟೊಗಳನ್ನು ಪೆನ್‌ಡ್ರೈವ್‌ನಲ್ಲಿ, ಮೋಟಾರ್, ಗೀಸರ್‌ಗಳ ವಾರಂಟಿ ಕಾರ್ಡುಗಳನ್ನು ಒಂದು ಕವರಿನಲ್ಲಿ ಹಾಕಿ ಕೊಡಿ. ಬಾಕಿ ಪಟ್ಟಿ ಪೂರ್ತಿ ಮುಗಿದು ಮಾಲೀಕರು ಸಹಿ ಹಾಕಿದ ಮೇಲೆಯೇ ಕೊನೆಯ ಶೇ 5 ಕೇಳಿ.