ಮೇಕಪ್ ಬ್ರಶ್ ತೊಳೆಯುವಾಗ ನೀರು ಎಲ್ಲಿಗೆ ಹೋಗಬಾರದು

ಬ್ರಶ್‌ನಲ್ಲಿ ಇರುವುದು ಮೂರೇ ಭಾಗ: ಎಳೆಗಳು, ಹಿಡಿ, ಅವೆರಡನ್ನೂ ಕಚ್ಚಿ ಹಿಡಿದ ಲೋಹದ ಕೊಳವೆ. ಎಳೆಗಳ ಬುಡ ಆ ಕೊಳವೆಯೊಳಗೆ ಅಂಟಿನಲ್ಲಿ ಹೂತಿರುತ್ತದೆ. ತೊಳೆಯುವಾಗಲೆಲ್ಲ ನೀರು ಅಲ್ಲಿಗೆ ಇಳಿಯುತ್ತಿದ್ದರೆ ಅಂಟು ಸಡಿಲವಾಗುತ್ತದೆ. ಮರದ ಹಿಡಿಯಾದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ, ಕೊನೆಗೆ ಕೊಳವೆ ಅಲ್ಲಾಡತೊಡಗುತ್ತದೆ. ಒಳ್ಳೆಯ ಬ್ರಶ್ ಕೂದಲು ಉದುರಿಸಲು ಶುರುಮಾಡುವುದು ಹೆಚ್ಚಾಗಿ ಹೀಗೆ. ಹಾಗಾಗಿ ತೊಳೆಯುವ ಮೊದಲ ಹನಿಯಿಂದ ಒಣಗುವ ಕೊನೆಯ ಗಳಿಗೆವರೆಗೂ ಎಳೆಗಳ ತುದಿ ಕೆಳಮುಖವಾಗಿಯೇ ಇರಲಿ. ಬಟ್ಟಲಲ್ಲಿ ಮುಳುಗಿಸಿ ನೆನೆಹಾಕಲೇಬೇಡಿ.

ಅಮೆರಿಕದ ಚರ್ಮವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಹೇಳುವುದು 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎಂದು. ಫೌಂಡೇಶನ್, ಕನ್ಸೀಲರ್ ಬ್ರಶ್‌ಗಳಿಗೆ 7ನೇ ದಿನವನ್ನೇ ಹಿಡಿಯಿರಿ. ಒದ್ದೆ ಕ್ರೀಮ್ ಜೊತೆ ಚರ್ಮದ ಜಿಡ್ಡೂ ಸತ್ತ ಕೋಶಗಳೂ ಸೇರಿ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದೆಲ್ಲ ಅಲ್ಲೇ ಸಿಗುತ್ತದೆ. ಮೊಡವೆ ಇರುವವರು ಇದನ್ನು ತಪ್ಪಿಸಬಾರದು.

ಸೋಪಿಗಿಂತ ಮೊದಲು ನೀರನ್ನು ನೋಡಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ, ಬಯಲುಸೀಮೆಯ ಊರುಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಕೂಡಿ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಅದೇ ಗಸಿ ಎಳೆಗಳಿಗೂ ಮೆತ್ತಿಕೊಳ್ಳುತ್ತದೆ. ತೊಳೆದ ಬ್ರಶ್ ಬಿರುಸಾಗಿ, ಪೌಡರನ್ನು ಸರಿಯಾಗಿ ಹಿಡಿಯದೆ ಇದ್ದರೆ ಕಾರಣ ಇದೇ ಇರಬಹುದು. ಅಂಥ ನೀರಿಗೆ ಸೋಪಿನ ಬಿಲ್ಲೆ ಬೇಡ, ಶಾಂಪೂ ಬಳಸಿ. ಶಾಂಪೂವಿನಿಂದ ಈ ಗಸಿ ಕಟ್ಟುವುದಿಲ್ಲ. ಕೊನೆಗೆ ಜಾಲಿಸುವ ಒಂದು ಲೋಟ ನೀರನ್ನು ಮಾತ್ರ ಅಡುಗೆಮನೆಯ ಆರ್‌ಒ ಫಿಲ್ಟರಿನಿಂದ ಹಿಡಿದುಕೊಳ್ಳಿ.

ಮಕ್ಕಳ ಶಾಂಪೂ ಎಲ್ಲ ಬ್ರಶ್‌ಗಳಿಗೂ ಹೊಂದುತ್ತದೆ. ಕಂಡೀಷನರ್ ಬೆರೆತ ಶಾಂಪೂ ಸಿಂಥೆಟಿಕ್ ಎಳೆಗಳ ಮೇಲೆ ಪದರ ಬಿಡುತ್ತದೆ, ಫೌಂಡೇಶನ್ ಗೆರೆಗೆರೆಯಾಗಿ ಕೂರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸಿಂಥೆಟಿಕ್‌ನ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ ನಿಜ, ಆದರೆ ಮೇಕೆ ಅಥವಾ ಅಳಿಲಿನ ಕೂದಲಿನ ಬ್ರಶ್‌ಗೆ ಅದನ್ನು ಹಾಕಬೇಡಿ. ಕೂದಲು ಒಣಗಿ ಮುರಿಯುತ್ತದೆ. ಸೀಗೆಕಾಯಿ ಪುಡಿಯೂ ಬೇಡ, ಕಣಗಳು ಬುಡದಲ್ಲಿ ಸಿಕ್ಕಿಕೊಳ್ಳುತ್ತವೆ.

ಅಗಲ ಬಟ್ಟಲಲ್ಲಿ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಶಾಂಪೂ ಕಲಸಿ. ವಾಟರ್‌ಪ್ರೂಫ್ ಐಲೈನರ್, ದಪ್ಪ ಫೌಂಡೇಶನ್ ಹಚ್ಚಿದ ಬ್ರಶ್ ಆದರೆ ಮೊದಲು ಟಿಶ್ಯೂ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ತುದಿಯನ್ನು ಅದರ ಮೇಲೆ ಹಿಂದೆಮುಂದೆ ಒರೆಸಿ. ಜಿಡ್ಡನ್ನು ಜಿಡ್ಡೇ ಕರಗಿಸುತ್ತದೆ. ಎರಡೇ ಹನಿ ಸಾಕು, ಹೆಚ್ಚಾದರೆ ಆ ಎಣ್ಣೆಯನ್ನು ತೆಗೆಯುವುದೇ ಇನ್ನೊಂದು ಕೆಲಸ. ಈಗ ಎಳೆಗಳ ಮುಕ್ಕಾಲು ಭಾಗವನ್ನಷ್ಟೇ ಶಾಂಪೂ ನೀರಿಗೆ ಅದ್ದಿ, ಅಂಗೈ ಮೇಲೆ ಮೆಲ್ಲಗೆ ಸುತ್ತು ತಿರುಗಿಸಿ. ಒತ್ತಿ ಉಜ್ಜಿದರೆ ಎಳೆಗಳು ಮಡಚಿಕೊಂಡು ಬ್ರಶ್ ಪೊರಕೆಯ ಹಾಗೆ ಕೆದರುತ್ತದೆ. ನಲ್ಲಿಯನ್ನು ಸಣ್ಣಗೆ ಬಿಟ್ಟು, ತುದಿ ಕೆಳಗೆ ಮಾಡಿ ಜಾಲಿಸಿ. ಬರುವ ನೀರು ತಿಳಿಯಾಗುವವರೆಗೂ ಅದ್ದುವುದು, ತಿರುಗಿಸುವುದು, ಜಾಲಿಸುವುದು.

ಕಬುಕಿಯಂಥ ಒತ್ತಾದ ಬ್ರಶ್ ಇಲ್ಲಿ ಮೋಸ ಮಾಡುತ್ತದೆ. ಮೇಲಿಂದ ಶುಭ್ರವಾಗಿ ಕಂಡರೂ ನಡುವಿನ ಎಳೆಗಳನ್ನು ಹೆಬ್ಬೆರಳಿನಿಂದ ಬಿಡಿಸಿದರೆ ಫೌಂಡೇಶನ್ ಹಾಗೇ ಕೂತಿರುತ್ತದೆ. ಬಿಡಿಸಿ ನೋಡದೆ ಒಣಗಲು ಇಡಬೇಡಿ. ಬಿಳಿ ಸಿಂಥೆಟಿಕ್ ಎಳೆಗೆ ಲಿಪ್‌ಸ್ಟಿಕ್ ಬಣ್ಣ ಹಿಡಿದದ್ದು ಬೇರೆ ಮಾತು. ನೀರು ತಿಳಿಯಾಗಿ ಬರುತ್ತಿದ್ದರೆ ಅದು ಕಲೆಯಷ್ಟೇ, ಅದಕ್ಕಾಗಿ ಉಜ್ಜಿ ಬ್ರಶ್ ಕೆಡಿಸಬೇಡಿ.

ಒಣಗಿಸುವುದರಲ್ಲಿ ತಪ್ಪು ಹೆಚ್ಚು. ಟವೆಲ್ಲಿನಲ್ಲಿ ಬುಡದಿಂದ ತುದಿಯ ಕಡೆಗೆ ಒತ್ತಿ ನೀರು ತೆಗೆಯಿರಿ, ಎಳೆಯಬೇಡಿ. ಬೆರಳಲ್ಲಿ ಮೂಲ ಆಕಾರ ತಿದ್ದಿ. ಒದ್ದೆ ಬ್ರಶ್‌ಗಳನ್ನು ಹೂದಾನಿಯ ಹೂಗಳಂತೆ ಲೋಟದಲ್ಲಿ ನಿಲ್ಲಿಸಿದರೆ ಉಳಿದ ನೀರೆಲ್ಲ ನೇರ ಅಂಟಿಗೆ ಇಳಿಯುತ್ತದೆ, ಇಷ್ಟು ಹೊತ್ತು ಕಾಪಾಡಿದ್ದು ವ್ಯರ್ಥ. ಹಿಡಿಗೆ ಬಟ್ಟೆ ಕ್ಲಿಪ್ ಹಾಕಿ ಹಗ್ಗಕ್ಕೆ ತಲೆಕೆಳಗಾಗಿ ತೂಗುಹಾಕಿ. ಅದಾಗದಿದ್ದರೆ ಮೇಜಿನ ಅಂಚಿನಲ್ಲಿ, ಎಳೆಗಳು ಹೊರಗೆ ಚಾಚಿರುವಂತೆ ಮಲಗಿಸಿ. ಹೇರ್ ಡ್ರೈಯರ್ ಬಿಸಿಗೆ, ಸುಡುಬಿಸಿಲಿಗೆ ಹಿಡಿದರೆ ಅಂಟಿಗೂ ಎಳೆಗೂ ಪೆಟ್ಟು. ನೆರಳು, ಫ್ಯಾನಿನ ಗಾಳಿ ಸಾಕು. ಐಶ್ಯಾಡೋ ಬ್ರಶ್ ಒಂದು ರಾತ್ರಿಯಲ್ಲಿ ಒಣಗುತ್ತದೆ, ಕಬುಕಿಗೆ ಪೂರ್ತಿ ಒಂದು ದಿನ ಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನವಾದರೂ ಕೊಡಿ. ನಡುವೆ ತಣ್ಣಗೆ ಅನ್ನಿಸಿದರೆ ಇನ್ನೂ ಒದ್ದೆಯಿದೆ ಎಂದೇ ಅರ್ಥ. ಆ ಸ್ಥಿತಿಯಲ್ಲಿ ಪೌಚಿಗೆ ಸೇರಿಸಿ ಜಿಪ್ ಎಳೆದರೆ ಬೂಷ್ಟು ಬರುತ್ತದೆ.

ಮದುವೆ ಸೀಸನ್ನಿನಲ್ಲಿ ಒಬ್ಬರ ನಂತರ ಒಬ್ಬರಿಗೆ ಮೇಕಪ್ ಮಾಡುವವರಿಗೆ ಇಷ್ಟು ಪುರಸೊತ್ತು ಇರುವುದಿಲ್ಲ. ಅವರು ಎರಡು ಸೆಟ್ ಇಟ್ಟುಕೊಳ್ಳುವುದು ಒಳ್ಳೆಯದು. ಮಧ್ಯದಲ್ಲಿ ಟಿಶ್ಯೂವಿನಿಂದ ಬಣ್ಣ ಒರೆಸಿ, 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ, ಪೂರ್ತಿ ಆರಿದ ಮೇಲೆ ಬಳಸಬಹುದು. 99 ಶೇಕಡಾದ್ದು ಹೆಚ್ಚು ಬಲ ಎಂದುಕೊಳ್ಳಬೇಡಿ: ಅದು ಬೇಗ ಆವಿಯಾಗಿ ಹೋಗುತ್ತದೆ, ಸೂಕ್ಷ್ಮಾಣುಗಳನ್ನು ಕೊಲ್ಲಲು ಸ್ವಲ್ಪ ನೀರಿನಂಶ ಬೇಕೇ ಬೇಕು. ಬೆಂಕಿ, ದೀಪದ ಹತ್ತಿರ ಸಿಂಪಡಿಸಬಾರದು. ಇದು ತೊಳೆಯುವುದಕ್ಕೆ ಬದಲಿಯೂ ಅಲ್ಲ, ಜಿಡ್ಡು ಒಳಗೇ ಉಳಿದಿರುತ್ತದೆ.

ಸ್ಪಂಜನ್ನು ಪ್ರತಿ ಸಲ ಬಳಸಿದ ಮೇಲೂ ತೊಳೆದು, ಗಾಳಿ ಆಡುವ ಕಡೆ ಇಡಿ. ಒಳಗೆ ಕಪ್ಪು ಚುಕ್ಕೆ ಕಂಡರೆ ತೊಳೆಯುವ ಯೋಚನೆ ಬಿಟ್ಟು ಬಿಸಾಡಿ. ಕಣ್ಣು ಬೇನೆ, ಅಂದರೆ ಮದ್ರಾಸ್ ಐ ಬಂದಿದ್ದರೆ ವಾಸಿಯಾಗುವವರೆಗೆ ಕಣ್ಣಿನ ಮೇಕಪ್ ಬೇಡ. ಆಗ ಬಳಸುತ್ತಿದ್ದ ಮಸ್ಕಾರ, ಕಾಜಲ್ ಎಸೆಯಿರಿ. ಹೊಸ ಬ್ರಶ್ ಮೊದಲ ಒಂದೆರಡು ತೊಳೆತಕ್ಕೆ ನಾಲ್ಕೈದು ಎಳೆ ಬಿಟ್ಟರೆ ಗಾಬರಿ ಬೇಡ. ಎಳೆಗಳು ಗೊಂಚಲಾಗಿ ಕಿತ್ತು ಬಂದರೆ ಅಂಟು ಹೋಗಿದೆ, ಆ ಬ್ರಶ್ ಇನ್ನು ಮುಖಕ್ಕೆ ಬೇಡ.